ಲವ್ ಸ್ಟೋರಿಗೆ ಅಡ್ಡಿ ಯಾಕೆ ಬೇಕು?

ಲವ್ ಸ್ಟೋರಿಯಲ್ಲಿ ಏನಾಗತ್ತೆ ಅನ್ನೋದು ಟಿಕೆಟ್ ಬುಕ್ ಮಾಡೋ ಮೊದಲೇ ನಮಗೆಲ್ಲ ಗೊತ್ತಿರತ್ತೆ. ಹುಡುಗ ಹುಡುಗಿಯನ್ನು ನೋಡ್ತಾನೆ. ಒಂದು ಹಾಡು ಬರತ್ತೆ. ಇಂಟರ್‌ವಲ್ ಹೊತ್ತಿಗೆ ಏನೋ ಒಂದು ಎಡವಟ್ಟಾಗತ್ತೆ. ಕೊನೆಗೆ ಇಬ್ಬರೂ ಒಂದಾಗ್ತಾರೆ, ಇಲ್ಲಾ ಆಗೋದಿಲ್ಲ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಇಡೀ ಸಿನಿಮಾದ ಔಟ್‌ಪುಟ್ ಒಂದೇ ಒಂದು ಬಿಟ್: ಸೊನ್ನೆ ಅಥವಾ ಒಂದು. ಆ ಒಂದು ಬಿಟ್‌ಗೋಸ್ಕರ ಎರಡೂವರೆ ಗಂಟೆ ಕೂರ್ತೀವಿ, ಕತ್ತಲಲ್ಲಿ ಕಣ್ಣು ಒರೆಸಿಕೊಳ್ತೀವಿ, ಹಾಸ್ಟೆಲ್‌ಗೆ ಬಂದು ಅದೇ ಹಾಡನ್ನು ಹಾಕ್ಕೊಂಡು ಮಲಗ್ತೀವಿ.

ಥ್ರಿಲ್ಲರ್ ಹಾಗಲ್ಲ. ಕೊಲೆಗಾರ ಯಾರು ಅಂತ ಒಮ್ಮೆ ಗೊತ್ತಾದ್ರೆ ಅರ್ಧ ಮಜಾ ಹೋಯ್ತು. ಲವ್ ಸ್ಟೋರಿಯನ್ನು ಮಾತ್ರ ನೋಡಿದ್ದನ್ನೇ ನೋಡ್ತೀವಿ. 'ಮುಂಗಾರು ಮಳೆ' ಬಂದಿದ್ದು 2006ರ ಡಿಸೆಂಬರ್ ಕೊನೆಯಲ್ಲಿ. ಆಗ ನಮ್ಮ ಬ್ಯಾಚಿನವರೆಲ್ಲ ತೊಟ್ಟಿಲಲ್ಲಿದ್ವಿ, ಇಲ್ಲಾ ಇನ್ನೂ ಹುಟ್ಟೇ ಇರಲಿಲ್ಲ. ಬೆಂಗಳೂರಿನ ಮಲ್ಟಿಪ್ಲೆಕ್ಸ್‌ನಲ್ಲಿ ಅದು ಒಂದು ವರ್ಷಕ್ಕೂ ಹೆಚ್ಚು ಕಾಲ ಓಡಿತು. ಅಷ್ಟು ದಿನ ಬಂದವರೆಲ್ಲ ಹೊಸಬರೇ ಆಗಿರೋಕೆ ಸಾಧ್ಯ ಇಲ್ಲ. ಕ್ಲೈಮ್ಯಾಕ್ಸ್ ಗೊತ್ತಿದ್ದವರೇ ಮತ್ತೆ ಮತ್ತೆ ಬಂದಿದ್ದಾರೆ.

ಯಾಕೆ? ಈ ಪ್ರಶ್ನೆ ಹಿಡ್ಕೊಂಡು ನಾವು ಕೆಲವು ಕನ್ನಡ ಲವ್ ಸ್ಟೋರಿಗಳನ್ನು ಬಿಚ್ಚಿ ನೋಡೋಣ. ಒಳಗಿನ ಮೆಷಿನ್ ಹೇಗೆ ಓಡತ್ತೆ ಅನ್ನೋದು ಮೊದಲು. ಥಿಯೇಟರಿಂದ ಹೊರಗೆ ಬರುವಾಗ ನಾವು ಏನನ್ನು ಜೇಬಲ್ಲಿ ಇಟ್ಕೊಂಡು ಬರ್ತೀವಿ ಅನ್ನೋದು ಆಮೇಲೆ.

(ಎಚ್ಚರಿಕೆ: ಕತೆಗಳನ್ನು ಬಿಟ್ಟುಕೊಡ್ತೀವಿ. ಆದ್ರೆ ಲವ್ ಸ್ಟೋರಿಗೆ ಅದರಿಂದ ನಷ್ಟ ಇಲ್ಲ ಅನ್ನೋದೇ ನಮ್ಮ ವಾದ.)

ಯಾವುದು ಲವ್ ಸ್ಟೋರಿ?

ಪ್ರೀತಿ ಇಲ್ಲದ ಕನ್ನಡ ಸಿನಿಮಾ ಹುಡುಕೋದೇ ಕಷ್ಟ. ಹಾಗಂತ ಎಲ್ಲವೂ ಲವ್ ಸ್ಟೋರಿ ಅಲ್ಲ. ಇದಕ್ಕೆ ಒಂದು ಸುಲಭದ ಪರೀಕ್ಷೆ ಇದೆ. ಸಿವಿಲ್ ಬ್ರಾಂಚಿನ ಗೆಳೆಯರಿಗೆ ಬೇಗ ಅರ್ಥ ಆಗತ್ತೆ. ಕಟ್ಟಡದಲ್ಲಿ ಎರಡು ಥರದ ಗೋಡೆ ಇರತ್ತೆ. ಒಂದು ಭಾರ ಹೊರುವ ಗೋಡೆ, ಇನ್ನೊಂದು ಬರೀ ರೂಮು ಬೇರೆ ಮಾಡುವ ಗೋಡೆ. ಎರಡನೆಯದನ್ನು ಒಡೆದರೆ ಮನೆ ನಿಲ್ಲತ್ತೆ. ಮೊದಲನೆಯದನ್ನು ಒಡೆದರೆ ಚಾವಣಿ ತಲೆ ಮೇಲೆ ಬೀಳತ್ತೆ.

'ಕೆ.ಜಿ.ಎಫ್'ನಿಂದ ಪ್ರೀತಿಯನ್ನು ತೆಗೆದು ಹಾಕಿ. ಸ್ವಲ್ಪ ಬೋಳು ಅನ್ನಿಸಬಹುದು, ಆದ್ರೂ ಕತೆ ನಿಲ್ಲತ್ತೆ. ರಾಕಿಗೆ ಗಣಿ ಇದೆ, ಅಮ್ಮನಿಗೆ ಕೊಟ್ಟ ಮಾತಿದೆ. 'ಮುಂಗಾರು ಮಳೆ'ಯಿಂದ ಪ್ರೀತಿಯನ್ನು ತೆಗೆದರೆ ಉಳಿಯೋದು ಒಂದು ಮದುವೆ ಮನೆ, ಒಂದು ಮೊಲ ಮತ್ತು ತುಂಬಾ ಮಳೆ. ಪ್ರೀತಿ ಎಲ್ಲಿ ಭಾರ ಹೊರತ್ತೋ ಅದು ಲವ್ ಸ್ಟೋರಿ.

ಅಡ್ಡಿಯೇ ಎಂಜಿನ್

ಈಗ ಹೀಗೆ ಯೋಚನೆ ಮಾಡಿ. ಹುಡುಗನಿಗೆ ಹುಡುಗಿ ಇಷ್ಟ. ಹುಡುಗಿಗೂ ಹುಡುಗ ಇಷ್ಟ. ಎರಡೂ ಮನೆಯವರಿಗೆ ಒಪ್ಪಿಗೆ. ಕೈಯಲ್ಲಿ ಕೆಲಸ ಇದೆ, ದುಡ್ಡಿದೆ, ಜಾತಕವೂ ಕೂಡಿ ಬಂದಿದೆ. ಇದು ಸಿನಿಮಾ ಆಗಲ್ಲ. ಲಗ್ನಪತ್ರಿಕೆ ಆಗತ್ತೆ, ಅಷ್ಟೇ.

ನದಿ ತಾನಾಗೇ ಹರಿದು ಹೋಗ್ತಿದ್ರೆ ನೋಡೋಕೆ ಚೆಂದ. ಕರೆಂಟು ಬೇಕು ಅಂದ್ರೆ ಅದನ್ನು ಎತ್ತರದಲ್ಲಿ ಕಟ್ಟಿ ನಿಲ್ಲಿಸಬೇಕು. ಲಿಂಗನಮಕ್ಕಿಯಲ್ಲಿ ಶರಾವತಿಯನ್ನು ತಡೆದು ನಿಲ್ಲಿಸಿದ್ದಕ್ಕೇ ಕೆಳಗೆ ಟರ್ಬೈನ್ ತಿರುಗತ್ತೆ. ಲವ್ ಸ್ಟೋರಿಯ ಡೈರೆಕ್ಟರ್ ಮಾಡೋದೂ ಇದೇ ಕೆಲಸ. ಇಬ್ಬರ ಮಧ್ಯೆ ಒಂದು ಅಡ್ಡಿ ಇಡ್ತಾರೆ. ಆ ಕಡೆ ಆಸೆ ತುಂಬ್ತಾ ಹೋಗತ್ತೆ. ಗೇಟು ಯಾವಾಗ ತೆಗೀತಾರೆ ಅಂತ ನಾವು ಕಾಯ್ತೀವಿ.

ಆ ಅಡ್ಡಿ ಏನು ಅನ್ನೋದು ಮಾತ್ರ ಕಾಲಕ್ಕೆ ತಕ್ಕ ಹಾಗೆ ಬದಲಾಗಿದೆ. ಅದನ್ನು ಸಾಲಾಗಿ ಇಟ್ಟು ನೋಡಿದ್ರೆ ನಮ್ಮ ರಾಜ್ಯದ ಐವತ್ತು ವರ್ಷದ ಕತೆಯೇ ಸಿಗತ್ತೆ.

1974ರ 'ಎರಡು ಕನಸು'. ದೊರೈ-ಭಗವಾನ್ ಜೋಡಿಯ ನಿರ್ದೇಶನ, ವಾಣಿ ಅವರ ಕಾದಂಬರಿ. ರಾಜ್‌ಕುಮಾರ್ ಇಲ್ಲಿ ಲೆಕ್ಚರರ್. ಪ್ರೀತಿಸಿದ್ದು ಮಂಜುಳಾ ಮಾಡಿದ ಲಲಿತಾಳನ್ನು, ಮದುವೆ ಆಗಿದ್ದು ಕಲ್ಪನಾ ಮಾಡಿದ ಗೌರಿಯನ್ನು. ಅಡ್ಡಿ ಅಂದ್ರೆ ಹಿರಿಯರು, ಮನೆತನದ ಜಗಳ. ಮಜಾ ಅಂದ್ರೆ ಸಿನಿಮಾದ ಮುಖ್ಯ ಭಾಗ ಶುರುವಾಗೋದೇ ಮದುವೆ ಆದ ಮೇಲೆ. ಈಗ ಅವನ ಮನಸ್ಸಲ್ಲಿರೋ ಹಳೆ ಕನಸೇ ಹೊಸ ಬದುಕಿಗೆ ಅಡ್ಡಿ.

1984ರ 'ಬಂಧನ'. ಉಷಾ ನವರತ್ನರಾಂ ಅವರ ಕಾದಂಬರಿ, ರಾಜೇಂದ್ರ ಸಿಂಗ್ ಬಾಬು ನಿರ್ದೇಶನ. ಡಾಕ್ಟರ್ ಹರೀಶ್ ಆಗಿ ವಿಷ್ಣುವರ್ಧನ್, ಡಾಕ್ಟರ್ ನಂದಿನಿ ಆಗಿ ಸುಹಾಸಿನಿ. ಇಲ್ಲಿ ಅಪ್ಪ-ಅಮ್ಮನ ವಿರೋಧ ಇಲ್ಲ. ಅವನಿಗೆ ಅವಳ ಮೇಲೆ ಪ್ರೀತಿ, ಅವಳಿಗೆ ಅವನು ಬರೀ ಗೆಳೆಯ. ಇಷ್ಟೇ.

1987ರ 'ಪ್ರೇಮಲೋಕ'. ರವಿಚಂದ್ರನ್ ಮತ್ತು ಹಂಸಲೇಖ. ಕಾಲೇಜು, ಬೈಕು, ಮುಗಿಯದಷ್ಟು ಹಾಡು. ಅಲ್ಲಿಂದಾಚೆಗೆ ಕಾಲೇಜು ಕ್ಯಾಂಪಸ್ ಅನ್ನೋದೇ ಕನ್ನಡ ಲವ್ ಸ್ಟೋರಿಯ ಖಾಯಂ ವಿಳಾಸ ಆಯ್ತು.

ಇಪ್ಪತ್ತು ವರ್ಷ ಕಳೆದು 'ಮುಂಗಾರು ಮಳೆ'. ಇಲ್ಲಿ ಅಡ್ಡಿ ಕ್ಯಾಲೆಂಡರು. ಪ್ರೀತಂ ಮಡಿಕೇರಿ ತಲುಪೋ ಹೊತ್ತಿಗೆ ನಂದಿನಿಯ ಮದುವೆ ನಿಶ್ಚಯ ಆಗಿಬಿಟ್ಟಿದೆ, ಇರೋದು ಕೆಲವೇ ದಿನ. ಅದಾಗಿ ಎರಡು ತಿಂಗಳೊಳಗೆ, 2007ರಲ್ಲಿ, ಸೂರಿ ಅವರ 'ದುನಿಯಾ' ಬಂತು. ಹಳ್ಳಿಯಿಂದ ಬೆಂಗಳೂರಿಗೆ ಬಂದ ಬಡ ಹುಡುಗ, ಹಾಗೇ ದಿಕ್ಕಿಲ್ಲದ ಹುಡುಗಿ. ಇಬ್ಬರ ಮಧ್ಯೆ ಯಾರೂ ನಿಂತಿಲ್ಲ. ಇಡೀ ಊರೇ ಅಡ್ಡಿ. ಒಂದೇ ಸೀಸನ್ನಿನಲ್ಲಿ ಜನ ಎರಡನ್ನೂ ಗೆಲ್ಲಿಸಿದರು.

2016ರ 'ಕಿರಿಕ್ ಪಾರ್ಟಿ' ಬಗ್ಗೆ ಈ ಪತ್ರಿಕೆಯ ಓದುಗರಿಗೆ ಹೇಳೋದು ಅಂದ್ರೆ ಮೀನಿಗೆ ಈಜು ಕಲಿಸಿದ ಹಾಗೆ. ಹಾಸನದ ಮಲೆನಾಡು ಇಂಜಿನಿಯರಿಂಗ್ ಕಾಲೇಜಿನಲ್ಲಿ ಚಿತ್ರೀಕರಣ, ಮೆಕ್ಯಾನಿಕಲ್ ಹುಡುಗರು, ಸೀನಿಯರ್ ಹುಡುಗಿ ಸಾನ್ವಿ. ಅಲ್ಲಿ ಅಡ್ಡಿಯಾಗಿ ಬಂದಿದ್ದು ಸಾವು. 2023ರ 'ಸಪ್ತ ಸಾಗರದಾಚೆ ಎಲ್ಲೋ' ನೋಡಿದ್ರೆ ಅಡ್ಡಿ ಮತ್ತೆ ದುಡ್ಡಿಗೆ ಬಂದು ನಿಂತಿದೆ. ಒಂದು ಸ್ವಂತ ಮನೆ ಬೇಕು ಅಂತ ಮನು ಬೇರೆಯವರ ತಪ್ಪನ್ನು ತನ್ನ ತಲೆ ಮೇಲೆ ಹಾಕ್ಕೊಂಡು ಜೈಲಿಗೆ ಹೋಗ್ತಾನೆ. ಬೆಂಗಳೂರಲ್ಲಿ ಬಾಡಿಗೆ ಕಟ್ಟಿ ಗೊತ್ತಿರೋರಿಗೆ ಇದನ್ನು ವಿವರಿಸಬೇಕಿಲ್ಲ.

ಈ ಸಾಲಿನಲ್ಲಿ ಒಂದು ಖಾಲಿ ಜಾಗ ಕಾಣತ್ತೆ. ನಮ್ಮ ನಿಜ ಬದುಕಿನಲ್ಲಿ ಪ್ರೀತಿಗೆ ಎದುರಾಗೋ ಅತಿ ದೊಡ್ಡ ಗೋಡೆ ಜಾತಿ. ಕನ್ನಡದ ಹಿಟ್ ಲವ್ ಸ್ಟೋರಿಗಳು ಅದರ ಹೆಸರನ್ನು ಬಾಯಿಬಿಟ್ಟು ಹೇಳೋದು ಕಡಿಮೆ. 'ಅಂತಸ್ತು', 'ಮನೆತನ' ಅಂತ ಹೇಳಿ ಜಾರಿಕೊಳ್ತವೆ. ಮರಾಠಿಯ 'ಸೈರಾಟ್' 2016ರಲ್ಲಿ ಅದನ್ನು ನೇರವಾಗಿ ಹೇಳಿತು. ಮಾರನೇ ವರ್ಷ ಅದು 'ಮನಸು ಮಲ್ಲಿಗೆ' ಅಂತ ಕನ್ನಡಕ್ಕೂ ಬಂತು. ಅಡ್ಡಿಗೆ ಯಾವ ಹೆಸರಿಡ್ತೀವಿ ಅನ್ನೋದರಲ್ಲೂ ನಮ್ಮ ಧೈರ್ಯ ಎಷ್ಟು ಅಂತ ಗೊತ್ತಾಗತ್ತೆ.

ಗೊತ್ತಿದ್ದೂ ಕಾಯೋದು

1997ರ 'ಟೈಟಾನಿಕ್' ನೋಡೋಕೆ ಹೋದವರಿಗೆಲ್ಲ ಹಡಗು ಮುಳುಗತ್ತೆ ಅಂತ ಗೊತ್ತಿತ್ತು. 1912ರಲ್ಲಿ ಮುಳುಗಿದ್ದು ಇತಿಹಾಸದ ಪುಸ್ತಕದಲ್ಲೇ ಇದೆ. ಆದ್ರೆ ಜ್ಯಾಕ್ ಮತ್ತು ರೋಸ್‌ಗೆ ಗೊತ್ತಿಲ್ಲ. ಅವರಿಬ್ಬರೂ ನಗ್ತಾ ಇರೋವಾಗ ನಮ್ಮ ಹೊಟ್ಟೆಯಲ್ಲಿ ಸಂಕಟ ಆಗೋದು ಅದಕ್ಕೇ. ನಮಗೆ ಗೊತ್ತಿರೋದಕ್ಕೂ ಅವರಿಗೆ ಗೊತ್ತಿರೋದಕ್ಕೂ ಇರೋ ವ್ಯತ್ಯಾಸವೇ ಇಲ್ಲಿ ವೋಲ್ಟೇಜ್.

ಲವ್ ಸ್ಟೋರಿಗಳು ಈ ವ್ಯತ್ಯಾಸದ ಮೇಲೇ ಬದುಕ್ತವೆ. ಅವನಿಗೆ ಅವಳು ಇಷ್ಟ ಅಂತ ಅವಳಿಗಿಂತ ಮೊದಲು ನಮಗೆ ಗೊತ್ತು. ಅವಳ ಮನಸ್ಸು ಬದಲಾಗ್ತಿದೆ ಅನ್ನೋದು ಅವಳಿಗಿಂತ ಮೊದಲು ನಮಗೆ ಕಾಣತ್ತೆ. ಸೀಟಿನ ತುದಿಗೆ ಬಂದು 'ಹೇಳಿಬಿಡೋ ಮಾರಾಯಾ' ಅಂತ ಕೂಗಬೇಕು ಅನ್ಸತ್ತೆ. ಎರಡನೇ ಸಲ ನೋಡೋವಾಗ ಇದು ಇನ್ನೂ ಜಾಸ್ತಿ ಆಗತ್ತೆ, ಯಾಕಂದ್ರೆ ಈ ಸಲ ನಮಗೆ ಎಲ್ಲವೂ ಗೊತ್ತು. ಮೊದಲ ಸಲ ಸುಮ್ಮನೆ ನಕ್ಕ ಸೀನಿಗೆ ಎರಡನೇ ಸಲ ಗಂಟಲು ಕಟ್ಟತ್ತೆ. ಥ್ರಿಲ್ಲರಿಗೂ ಲವ್ ಸ್ಟೋರಿಗೂ ಇರೋ ವ್ಯತ್ಯಾಸ ಇಲ್ಲಿದೆ.

ಹಾಡು, ಮಳೆ, ಮೊಲ

ಇನ್ನೊಂದು ಟೆಕ್ನಿಕಲ್ ಸಮಸ್ಯೆ ಇದೆ. ಪ್ರೀತಿ ಒಳಗಡೆ ನಡೆಯೋ ವಿಷಯ. ಕ್ಯಾಮೆರಾ ಹೊರಗಡೆ ಇರತ್ತೆ. ಒಳಗಿರೋದನ್ನು ಹೊರಗೆ ತೋರಿಸೋದು ಹೇಗೆ? ಕಾದಂಬರಿಯಲ್ಲಾದ್ರೆ 'ಅವನ ಮನಸ್ಸು ಹೀಗೆ ಯೋಚಿಸಿತು' ಅಂತ ಬರೆದುಬಿಡಬಹುದು. ಸಿನಿಮಾದಲ್ಲಿ ಹಾಗಾಗಲ್ಲ.

ನಮ್ಮ ಸಿನಿಮಾದವರು ಇದಕ್ಕೆ ಕಂಡುಕೊಂಡ ಮೊದಲ ಉಪಾಯ ಹಾಡು. ಮಾತಲ್ಲಿ ಹೇಳೋಕೆ ಆಗದೇ ಇರೋನು ಹಾಡಲ್ಲಿ ಹೇಳ್ತಾನೆ. ಆ ಹಾಡು ಅವಳಿಗೆ ಕೇಳಿಸ್ತಾ ಇದೆಯಾ ಇಲ್ವಾ ಅಂತ ನಾವ್ಯಾರೂ ಕೇಳಲ್ಲ. ಅದು ಅವನ ತಲೆಯೊಳಗಿನ ಜಾಗ ಅಂತ ನಾವೆಲ್ಲ ಒಪ್ಪಿಕೊಂಡಿದ್ದೀವಿ. 'ಮುಂಗಾರು ಮಳೆ'ಗೆ ಅಮೆರಿಕದಲ್ಲಿ ನೆಲೆಸಿದ್ದ ಮನೋಮೂರ್ತಿ ಸಂಗೀತ ಕೊಟ್ಟರು, ಜಯಂತ ಕಾಯ್ಕಿಣಿ ಹಾಡು ಬರೆದರು. ಪ್ರೀತಂ ಹಗಲೆಲ್ಲ ವಟವಟ ಅಂತ ತಮಾಷೆ ಮಾತಾಡೋ ಹುಡುಗ. ಅದೇ ಹುಡುಗ ಹಾಡು ಬಂದ ತಕ್ಷಣ ಮೆತ್ತಗಾಗ್ತಾನೆ. ಎರಡೂ ಅವನೇ ಅಂತ ನಮಗೆ ನಂಬಿಕೆ ಬರೋದು ಹಾಡಿನಿಂದ.

ಎರಡನೆಯದು ಮಳೆ. ಮಳೆ ಬಂದ್ರೆ ಎಲ್ಲರೂ ನಿಂತ ಕಡೆ ನಿಲ್ಲಬೇಕು. ಬಸ್ಸು ಬರಲ್ಲ, ದಾರಿ ಕಾಣಲ್ಲ, ಮನೆಗೆ ಹೋಗೋಕೆ ತಡ ಆಗತ್ತೆ. ಇಬ್ಬರನ್ನು ಒಂದೇ ಸೂರಿನ ಕೆಳಗೆ ಅರ್ಧ ಗಂಟೆ ನಿಲ್ಲಿಸೋಕೆ ಡೈರೆಕ್ಟರಿಗೆ ಇದಕ್ಕಿಂತ ಒಳ್ಳೆ ನೆಪ ಬೇಕಾ? ಜೊತೆಗೆ ಅಳ್ತಾ ಇದ್ರೂ ಯಾರಿಗೂ ಗೊತ್ತಾಗಲ್ಲ. ಎಸ್. ಕೃಷ್ಣ ಅವರ ಕ್ಯಾಮೆರಾದಲ್ಲಿ ಮಲೆನಾಡು, ಕೊಡಗು, ಜೋಗ ಎಲ್ಲ ಹಸಿಹಸಿಯಾಗಿ ಕಂಡಿದ್ದು ಬರೀ ಚೆಂದಕ್ಕೆ ಅಲ್ಲ. ಆ ನೀರು ಕತೆಯಲ್ಲಿ ಕೆಲಸ ಮಾಡ್ತಾ ಇತ್ತು.

ಮೂರನೆಯದು ನಮಗೆ ತುಂಬಾ ಇಷ್ಟವಾದ ಉಪಾಯ: ಮೊಲ. ಪ್ರೀತಂ ಇರೋದು ಹುಡುಗಿಯ ಮನೆಯಲ್ಲಿ, ಮದುವೆ ಗಡಿಬಿಡಿಯ ಮಧ್ಯೆ. ಮನಸ್ಸಿನ ಮಾತು ಹೇಳಿಕೊಳ್ಳೋಕೆ ಗೆಳೆಯರಿಲ್ಲ. ಹಾಗಾದ್ರೆ ಅವನ ಒಳಗು ನಮಗೆ ತಿಳಿಯೋದು ಹೇಗೆ? ಯೋಗರಾಜ್ ಭಟ್ಟರು ಕೈಗೊಂದು ಮೊಲ ಕೊಟ್ಟು ಅದಕ್ಕೆ 'ದೇವದಾಸ' ಅಂತ ಹೆಸರಿಟ್ಟರು. ಮೊಲ ವಾಪಸ್ ಮಾತಾಡಲ್ಲ, ಬುದ್ಧಿ ಹೇಳಲ್ಲ, ಯಾರಿಗೂ ಚಾಡಿ ಹೇಳಲ್ಲ. ಪ್ರೀತಂ ಅದರ ಜೊತೆ ಮಾತಾಡೋದನ್ನು ನಾವು ಕದ್ದು ಕೇಳಿಸಿಕೊಳ್ತೀವಿ. ಕೊನೆಯಲ್ಲಿ ಆ ಮೊಲವೂ ಇಲ್ಲದಾಗ ಇಡೀ ಥಿಯೇಟರ್ ಅತ್ತಿದ್ದು ಒಂದು ಪ್ರಾಣಿಗೆ ಮಾತ್ರ ಅಲ್ಲ. ಇನ್ನು ಮುಂದೆ ಅವನು ಯಾರ ಹತ್ತಿರ ಹೇಳ್ಕೋತಾನೆ ಅನ್ನೋದಕ್ಕೆ.

ನಮಗ್ಯಾಕೆ ಇಷ್ಟ?

ಮೆಷಿನ್ ಹೇಗೆ ಓಡತ್ತೆ ಅಂತ ನೋಡಿದ್ವಿ. ಅದಕ್ಕೆ ನಾವು ಯಾಕೆ ಸಿಕ್ಕಿಕೊಳ್ತೀವಿ?

ಸರ್ಕ್ಯೂಟನ್ನು ಬೋರ್ಡ್ ಮೇಲೆ ಕಟ್ಟೋ ಮೊದಲು ಸಿಮ್ಯುಲೇಟ್ ಮಾಡ್ತೀವಲ್ಲ, ಸುಟ್ಟು ಹೋದ್ರೂ ನಷ್ಟ ಇಲ್ಲ ಅಂತ? ಲವ್ ಸ್ಟೋರಿ ಆ ಥರದ್ದು. ಹೇಳಿಕೊಳ್ಳೋದು, ಕಾಯೋದು, ಬೇಡ ಅನ್ನಿಸಿಕೊಳ್ಳೋದು, ಕಳ್ಕೊಳ್ಳೋದು, ಎಲ್ಲವನ್ನೂ ನೂರೈವತ್ತು ರೂಪಾಯಿಗೆ ಒಂದು ಸಲ ಓಡಿಸಿ ನೋಡಬಹುದು. ದೀಪ ಹತ್ತಿದ ಮೇಲೆ ಎದ್ದು ಪಾರ್ಕಿಂಗ್‌ಗೆ ಹೋಗಬಹುದು.

ಇನ್ನೊಂದು ಕಾರಣ ಭಾಷೆ. ನಮ್ಮಲ್ಲಿ ಬಹಳ ಜನ ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿದವರು. ಮನೆಯಲ್ಲಿ ಕನ್ನಡ ಮಾತಾಡ್ತೀವಿ, ಆದ್ರೆ ಅದು ಊಟ, ಮಾರ್ಕ್ಸು, ಮೊಬೈಲ್ ರೀಚಾರ್ಜಿನ ಕನ್ನಡ. ಅಪ್ಪ-ಅಮ್ಮ ಒಬ್ಬರಿಗೊಬ್ಬರು 'ಪ್ರೀತಿ' ಅನ್ನೋ ಪದ ಬಳಸಿದ್ದನ್ನು ಕೇಳಿದವರು ಎಷ್ಟು ಜನ ಇದ್ದೀವಿ? 'ನಾನು ನಿನ್ನನ್ನು ಪ್ರೀತಿಸುತ್ತೇನೆ' ಅಂತ ಕನ್ನಡದಲ್ಲಿ ಹೇಳಿದ್ರೆ ಹೇಳಿದವರಿಗೇ ನಗು ಬರತ್ತೆ, ನಾಟಕದ ಡೈಲಾಗ್ ಥರ ಇರತ್ತೆ. ಹಾಗಾಗಿ ಇಂಗ್ಲಿಷಿನ ಮೂರು ಪದಕ್ಕೆ ಓಡ್ತೀವಿ. ಮನಸ್ಸಿನ ವಿಷಯಕ್ಕೂ ಕನ್ನಡದಲ್ಲಿ ಮಾತಿದೆ ಅಂತ ನಮಗೆ ಗೊತ್ತಾಗಿದ್ದು ಸಿನಿಮಾ ಹಾಡುಗಳಿಂದ. 'ಸಪ್ತ ಸಾಗರದಾಚೆ ಎಲ್ಲೋ' ಅನ್ನೋ ಹೆಸರು ಗೋಪಾಲಕೃಷ್ಣ ಅಡಿಗರ ಕವಿತೆಯಿಂದ ಬಂದಿದ್ದು. ಆ ಕವಿತೆಯನ್ನು ನಾಗತಿಹಳ್ಳಿ ಚಂದ್ರಶೇಖರ್ ಅವರ 'ಅಮೆರಿಕಾ ಅಮೆರಿಕಾ' ಹಾಡಾಗಿ ಜನಕ್ಕೆ ತಲುಪಿಸಿತ್ತು. ಪಠ್ಯಪುಸ್ತಕದಲ್ಲಿ ಅಡಿಗರು ಸಿಗದ ನಮ್ಮಂಥವರಿಗೆ ಅವರು ಸಿಕ್ಕಿದ್ದು ಲವ್ ಸ್ಟೋರಿಯ ದಾರಿಯಲ್ಲಿ.

ಅಂದ್ರೆ ಈ ಸಿನಿಮಾಗಳು ನಮಗೆ ಪದ ಕೊಡ್ತವೆ, ನಡವಳಿಕೆಯನ್ನೂ ಕೊಡ್ತವೆ. ಎರಡನೆಯದರ ಬಗ್ಗೆ ಸ್ವಲ್ಪ ನಿಂತು ಮಾತಾಡಬೇಕು.

ತೀರ್ಮಾನ ಮಾಡಿದ್ದು ಯಾರು?

ಕನ್ನಡದ ಪ್ರೇಕ್ಷಕರು ತಲೆ ಮೇಲೆ ಹೊತ್ತುಕೊಂಡ ಎಷ್ಟೋ ಲವ್ ಸ್ಟೋರಿಗಳಲ್ಲಿ ಜೋಡಿ ಒಂದಾಗೋದಿಲ್ಲ. ಹೀರೋ ತ್ಯಾಗ ಮಾಡ್ತಾನೆ. ನಾವು ಚಪ್ಪಾಳೆ ಹೊಡೀತೀವಿ. ಮೂರು ತ್ಯಾಗಗಳನ್ನು ಪಕ್ಕ ಪಕ್ಕ ಇಟ್ಟು ನೋಡೋಣ.

ಮೊದಲನೆಯದು 1972ರ 'ನಾಗರಹಾವು'. ತ.ರಾ.ಸು. ಅವರ ಕಾದಂಬರಿಗಳಿಂದ ಪುಟ್ಟಣ್ಣ ಕಣಗಾಲ್ ಮಾಡಿದ ಸಿನಿಮಾ, ಚಿತ್ರದುರ್ಗದ ಕೋಟೆಯ ಕತೆ. ರಾಮಾಚಾರಿ ಮತ್ತು ಅಲಮೇಲು ಪ್ರೀತಿಸ್ತಾರೆ. ಚಾಮಯ್ಯ ಮೇಷ್ಟ್ರು ಬಂದು ಬಿಟ್ಟುಬಿಡು ಅಂತಾರೆ. ಗುರುವಿನ ಮಾತಿಗೆ ರಾಮಾಚಾರಿ ಒಪ್ಪಿ ಬಿಟ್ಟುಕೊಡ್ತಾನೆ.

ಎರಡನೆಯದು 'ಬಂಧನ'. ಹರೀಶನಿಗೆ ಪ್ರೀತಿ ಇದೆ, ನಂದಿನಿಗೆ ಇಲ್ಲ. ಅವಳು ಮದುವೆ ಆಗಲು ಬಯಸಿದ್ದು ಬೇರೆಯವನನ್ನು. ಹರೀಶ್ ಒಳಗೇ ನುಂಗಿಕೊಂಡು ಗೆಳೆಯನಾಗೇ ಉಳೀತಾನೆ.

ಮೂರನೆಯದು 'ಮುಂಗಾರು ಮಳೆ'. ಇಲ್ಲೂ ಹುಡುಗಿಯ ಹೆಸರು ನಂದಿನಿ. ಆದ್ರೆ ಈ ನಂದಿನಿಗೆ ಪ್ರೀತಂ ಮೇಲೆ ಪ್ರೀತಿ ಹುಟ್ಟಿದೆ. ಅವಳ ಅಪ್ಪ, ಅನಂತ್ ನಾಗ್ ಮಾಡಿದ ಕರ್ನಲ್, ತನ್ನ ಹೃದಯದ ಕಾಯಿಲೆ ಬಗ್ಗೆ, ಮಗಳ ಮದುವೆ ನೋಡೋ ಆಸೆ ಬಗ್ಗೆ ಹೇಳಿಕೊಂಡಾಗ ಪ್ರೀತಂ ಕರಗಿಬಿಡ್ತಾನೆ. ಬಿಟ್ಟು ಹೊರಟು ಹೋಗ್ತಾನೆ.

ಮೂರೂ 'ತ್ಯಾಗ'ವೇ. ಈಗ ಒಂದೇ ಪ್ರಶ್ನೆ ಕೇಳಿ: ಹುಡುಗಿಯನ್ನು ಯಾರಾದ್ರೂ ಕೇಳಿದ್ರಾ?

'ಬಂಧನ'ದಲ್ಲಿ ನಂದಿನಿಯ ಮನಸ್ಸು ಏನು ಅಂತ ಅವಳೇ ಹೇಳಿದ್ದಾಳೆ. ಹರೀಶ್ ಅದನ್ನು ಕೇಳಿಸಿಕೊಂಡ. ಅದು ಅವಳ ತೀರ್ಮಾನ, ಅವನು ಮಾಡಿದ್ದು ಅದಕ್ಕೆ ಮರ್ಯಾದೆ ಕೊಡೋ ಕೆಲಸ. ಉಳಿದ ಎರಡರಲ್ಲಿ ಮಾತುಕತೆ ನಡೆದಿದ್ದು ಇಬ್ಬರು ಗಂಡಸರ ಮಧ್ಯೆ. ಒಂದು ಕಡೆ ಗುರು-ಶಿಷ್ಯ, ಇನ್ನೊಂದು ಕಡೆ ಅಪ್ಪ ಮತ್ತು ಪ್ರೇಮಿ. ಅಲಮೇಲುವಿನ ಬದುಕಿನ ಬಗ್ಗೆ ಅಲಮೇಲು ಇಲ್ಲದ ಕಡೆ ತೀರ್ಮಾನ ಆಯ್ತು. ನಂದಿನಿಯ ಮದುವೆ ಬಗ್ಗೆ ನಂದಿನಿಗೆ ಹೇಳದೇ ತೀರ್ಮಾನ ಆಯ್ತು.

ಪುಟ್ಟಣ್ಣ ಅವರು ಎಷ್ಟು ಮುಂದಿದ್ದರು ಅಂತ ಗೊತ್ತಾಗೋದು ಇಲ್ಲಿ. 'ನಾಗರಹಾವು' ಆ ತ್ಯಾಗದ ಬಿಲ್ಲನ್ನು ತೋರಿಸತ್ತೆ. ಬೇರೆಯವನಿಗೆ ಮದುವೆ ಮಾಡಿಕೊಟ್ಟ ಅಲಮೇಲುವನ್ನು ರಾಮಾಚಾರಿ ಮುಂದೊಂದು ದಿನ ವೇಶ್ಯೆಯಾಗಿ ನೋಡಬೇಕಾಗತ್ತೆ. ಒಳ್ಳೆಯ ಗುರು, ಒಳ್ಳೆಯ ಶಿಷ್ಯ, ಒಳ್ಳೆಯ ಉದ್ದೇಶ. ಬೆಲೆ ಕಟ್ಟಿದವಳು ಮಾತ್ರ ಆ ಮಾತುಕತೆಯಲ್ಲಿ ಇರಲೇ ಇಲ್ಲ. 'ಮುಂಗಾರು ಮಳೆ' ನಮ್ಮನ್ನು ಪ್ರೀತಂ ಜೊತೆ ಮಳೆಯಲ್ಲಿ ನಿಲ್ಲಿಸತ್ತೆ, ಅವನ ಜೊತೆಗೇ ಮುಗಿಯತ್ತೆ. ಮಂಟಪದ ಮೇಲೆ ಕೂತ ನಂದಿನಿಗೆ ಆ ರಾತ್ರಿ ಹೇಗಿತ್ತು? ಅದನ್ನು ಹೇಳಿಕೊಳ್ಳೋಕೆ ಅವಳ ಕೈಗೆ ಯಾರೂ ಮೊಲ ಕೊಡಲಿಲ್ಲ.

ಇದರಿಂದ 'ಮುಂಗಾರು ಮಳೆ' ಕೆಟ್ಟ ಸಿನಿಮಾ ಆಗಲ್ಲ. ಇನ್ನೊಂದು ಸಲ ಹಾಕಿದ್ರೂ ನಾವು ನೋಡ್ತೀವಿ, ಅಳ್ತೀವಿ. ಯಾರ ಪಕ್ಕದಲ್ಲಿ ನಿಂತು ಅಳ್ತಿದ್ದೀವಿ ಅನ್ನೋದು ಗೊತ್ತಿರಲಿ ಅಷ್ಟೇ. ಲವ್ ಸ್ಟೋರಿ ಇಬ್ಬರದ್ದು, ಆದ್ರೆ ಕ್ಯಾಮೆರಾ ಸಾಮಾನ್ಯವಾಗಿ ಒಬ್ಬರ ಕಡೆಗೇ ಇರತ್ತೆ. ಅದನ್ನು ತಿರುಗಿಸಿದ್ರೆ ಏನಾಗತ್ತೆ ಅಂತ ನೋಡ್ಬೇಕಾದ್ರೆ 2019ರ 'ಗಂಟುಮೂಟೆ' ಇದೆ. ರೂಪಾ ರಾವ್ ನಿರ್ದೇಶನ, ತೊಂಬತ್ತರ ದಶಕದ ಹೈಸ್ಕೂಲು, ಮೀರಾ ಅನ್ನೋ ಹುಡುಗಿ ತನ್ನ ಕತೆಯನ್ನು ತಾನೇ ಹೇಳ್ತಾಳೆ. ನೋಡೋದು ಅವಳು, ಇಷ್ಟಪಡೋದು ಅವಳು, ಗೊಂದಲ ಅವಳದ್ದು. ಅದೇ ಕ್ಲಾಸ್‌ರೂಮು, ಅದೇ ಬೆಂಚು, ಆದ್ರೆ ಎಲ್ಲವೂ ಹೊಸದಾಗಿ ಕಾಣತ್ತೆ.

ಅಡ್ಡಿ ಬೇರೆ, ಉತ್ತರ ಬೇರೆ

ಈಗ ಕ್ಯಾಂಪಸ್ಸಿಗೆ ಬರೋಣ. ಲವ್ ಸ್ಟೋರಿಯ ಎಂಜಿನ್ ಅಡ್ಡಿ ಅಂತ ಹೇಳಿದ್ವಲ್ಲ, ಅಪಾಯ ಇರೋದು ಅಲ್ಲೇ. ಮನೆಯವರು ಅಡ್ಡಿ, ದುಡ್ಡು ಅಡ್ಡಿ, ಜಾತಿ ಅಡ್ಡಿ. ಎಷ್ಟೋ ಸಿನಿಮಾಗಳು ಇದೇ ಪಟ್ಟಿಗೆ ಇನ್ನೊಂದನ್ನು ಸೇರಿಸ್ತವೆ: ಹುಡುಗಿಯ 'ಇಷ್ಟ ಇಲ್ಲ'. ಮೊದಲ ಅರ್ಧದಲ್ಲಿ ಅವಳು ಬೇಡ ಅಂತಾಳೆ, ಹೀರೋ ಬಸ್‌ಸ್ಟಾಪಲ್ಲಿ ನಿಲ್ತಾನೆ, ಹಿಂದೆ ಹಿಂದೆ ಬರ್ತಾನೆ, ಗೆಳೆಯರು ಕಾಮಿಡಿ ಮಾಡ್ತಾರೆ, ಒಂದು ಹಾಡು ಮುಗಿಯೋದ್ರೊಳಗೆ ಅವಳು ಒಪ್ಪಿಕೊಳ್ತಾಳೆ. ಎರಡು ಗಂಟೆಯ ಕತೆಗೆ ಅದು ಸುಲಭದ ದಾರಿ. ಅವಳ ಮಾತನ್ನು ಅಣೆಕಟ್ಟಿನ ಥರ ಬಳಸಿಕೊಂಡುಬಿಡ್ತಾರೆ.

ಕ್ಯಾಂಪಸ್ಸಿನಲ್ಲಿ ಇದು ಹೇಗೆ ಕಾಣತ್ತೆ ಅಂತ ನಮಗೆಲ್ಲ ಗೊತ್ತು. ಫೆಸ್ಟ್ ದಿನ ಎಲ್ಲರ ಮುಂದೆ ಪ್ರಪೋಸ್ ಮಾಡೋದು. ಸುತ್ತ ನಿಂತ ಗ್ಯಾಂಗು 'ಯೆಸ್ ಹೇಳು' ಅಂತ ಕೂಗೋದು, ಹತ್ತು ಜನ ರೆಕಾರ್ಡ್ ಮಾಡೋದು. ಆ ಗದ್ದಲದಲ್ಲಿ ಒಬ್ಬಳು ಇಲ್ಲ ಅಂತ ಹೇಗೆ ಹೇಳ್ಬೇಕು? ಹೇಳಿದ ಮೇಲೂ 'ಇವತ್ತಲ್ಲ ನಾಳೆ ಒಪ್ತಾಳೆ ಬಿಡು ಮಗಾ' ಅಂತ ಬೆನ್ನು ತಟ್ಟೋದು. ಬ್ಲಾಕ್ ಮಾಡಿದ್ರೆ ಬೇರೆ ಅಕೌಂಟಿಂದ ಮೆಸೇಜು. ಅವಳು ಲೈಬ್ರರಿಗೆ ಹೋಗೋ ಟೈಮು ಬದಲಾಯಿಸ್ಕೊಳ್ತಾಳೆ, ಕ್ಯಾಂಟೀನಿಗೆ ಒಬ್ಬಳೇ ಬರೋದು ಬಿಡ್ತಾಳೆ. ನಮ್ಮ ತಲೆಯಲ್ಲಿ ಓಡ್ತಿರೋದು ರೊಮ್ಯಾಂಟಿಕ್ ಕಾಮಿಡಿ, ಅವಳು ಬದುಕ್ತಿರೋದು ಹಾರರ್ ಸಿನಿಮಾದಲ್ಲಿ.

ಕಾನೂನಿಗೆ ಈ ವಿಷಯದಲ್ಲಿ ಗೊಂದಲ ಇಲ್ಲ. ಹುಡುಗಿ ಸ್ಪಷ್ಟವಾಗಿ ಆಸಕ್ತಿ ಇಲ್ಲ ಅಂದ ಮೇಲೂ ಪದೇ ಪದೇ ಹಿಂಬಾಲಿಸೋದು, ಸಂಪರ್ಕಿಸೋಕೆ ನೋಡೋದು, ಇಂಟರ್ನೆಟ್ಟಿನಲ್ಲಿ ಅವಳ ಮೇಲೆ ಕಣ್ಣಿಡೋದು ಅಪರಾಧ. 2013ರಲ್ಲಿ ಇದು ದಂಡಸಂಹಿತೆಗೆ ಸೇರಿತು. ಈಗ ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್ನಿನಲ್ಲಿದೆ. ಮೊದಲ ಸಲಕ್ಕೆ 3 ವರ್ಷದವರೆಗೆ, ಮತ್ತೆ ಮಾಡಿದ್ರೆ 5 ವರ್ಷದವರೆಗೆ ಜೈಲು. ಆದ್ರೆ ಬರೀ ಜೈಲಿಗೆ ಹೆದರಿ ಬಿಡೋದಾದ್ರೆ ನಾವು 'ಬಂಧನ'ದಿಂದ ಏನನ್ನೂ ಕಲಿತ ಹಾಗಾಗಲಿಲ್ಲ. ಮನೆ, ದುಡ್ಡು, ಜಾತಿ, ಇವು ಇಬ್ಬರೂ ಸೇರಿ ದಾಟಬೇಕಾದ ಅಡ್ಡಿ. ಎದುರಿಗಿರೋ ವ್ಯಕ್ತಿಯ ಮಾತು ಉತ್ತರ. ಉತ್ತರವನ್ನು ದಾಟೋಕೆ ಹೋಗಬಾರದು, ಕೇಳಿಸಿಕೊಳ್ಳಬೇಕು. ಹುಡುಗಿಯರು ಹುಡುಗರಿಗೆ ಹೇಳೋವಾಗಲೂ ಇದೇ ಮಾತು.

'ಸಪ್ತ ಸಾಗರದಾಚೆ ಎಲ್ಲೋ'ದ ಎರಡನೇ ಭಾಗವನ್ನು ಈ ದೃಷ್ಟಿಯಿಂದ ನೋಡಿ. ಜೈಲಿಂದ ಹೊರಬಂದ ಮನು ಮದುವೆಯಾಗಿರೋ ಪ್ರಿಯಾಳನ್ನು ಹುಡುಕ್ತಾನೆ, ಅವಳಿಗೆ ಗೊತ್ತಿಲ್ಲದ ಹಾಗೆ ಅವಳ ಬದುಕನ್ನು ಹಿಂಬಾಲಿಸ್ತಾನೆ. ನಮ್ಮ ಹಾಸ್ಟೆಲ್ ರೂಮುಗಳಲ್ಲಿ ಇದರ ಬಗ್ಗೆ ಜಗಳವೇ ಆಗತ್ತೆ. 'ಅದೇ ನಿಜವಾದ ಪ್ರೀತಿ' ಅಂತ ಒಂದು ಪಾರ್ಟಿ, 'ಅವಳಿಗೆ ಗೊತ್ತಾದ್ರೆ ಭಯ ಆಗಲ್ವಾ' ಅಂತ ಇನ್ನೊಂದು ಪಾರ್ಟಿ. ಸಿನಿಮಾ ಅವನನ್ನು ಅರ್ಥ ಮಾಡ್ಕೊಳ್ಳೋಕೆ ಹೇಳತ್ತೆ. ಅರ್ಥ ಮಾಡ್ಕೊಳ್ಳೋದು ಬೇರೆ, ಅನುಕರಿಸೋದು ಬೇರೆ.

ಮುಂದಿನ ಸಿನಿಮಾಕ್ಕೆ ಮೂರು ಪ್ರಶ್ನೆ

ಇನ್ನು ಮೇಲೆ ಲವ್ ಸ್ಟೋರಿ ನೋಡೋವಾಗ ಈ ಮೂರು ಪ್ರಶ್ನೆ ಕೇಳಿಕೊಂಡು ನೋಡಿ.

ಒಂದು, ಇಲ್ಲಿ ಅಡ್ಡಿ ಯಾವುದು? ಸಿನಿಮಾ ಅದರ ನಿಜವಾದ ಹೆಸರು ಹೇಳ್ತಿದೆಯಾ, ಇಲ್ಲಾ ಬೇರೆ ಹೆಸರಿಟ್ಟು ಮುಚ್ಚಿಡ್ತಿದೆಯಾ?

ಎರಡು, ಕ್ಯಾಮೆರಾ ಯಾರ ಕಡೆ ಇದೆ? ಇನ್ನೊಬ್ಬರ ಕಡೆಯಿಂದ ಇದೇ ಸೀನು ಹೇಗಿರತ್ತೆ?

ಮೂರು, ಇಬ್ಬರ ಬದುಕಿನ ತೀರ್ಮಾನವನ್ನು ಇಬ್ಬರೂ ಕೂತು ಮಾಡಿದ್ರಾ?

ಪ್ರಶ್ನೆ ಕೇಳಿದ್ರೆ ಮಜಾ ಕಡಿಮೆ ಆಗತ್ತೆ ಅಂತ ಹೆದರಬೇಡಿ. ಕ್ಲೈಮ್ಯಾಕ್ಸ್ ಗೊತ್ತಿದ್ರೂ ಕಡಿಮೆ ಆಗದ ಮಜಾ ಇದು.

ಇಂಟರ್ನಲ್ಸ್ ಮುಗಿದ ಮೇಲೆ ಒಂದು ವೀಕೆಂಡು ಬಿಡುವು ಮಾಡ್ಕೊಳ್ಳಿ. ಶನಿವಾರ 'ನಾಗರಹಾವು' ಮತ್ತು 'ಬಂಧನ', ಭಾನುವಾರ 'ಮುಂಗಾರು ಮಳೆ' ಮತ್ತು 'ಗಂಟುಮೂಟೆ', ಇದೇ ಕ್ರಮದಲ್ಲಿ ನೋಡಿ. ಹುಡುಗರಷ್ಟೇ ಕೂತು ನೋಡಬೇಡಿ. ಕ್ಲಾಸಿನವರೆಲ್ಲ ಒಟ್ಟಿಗೆ ನೋಡಿ, ಮುಗಿದ ಮೇಲೆ ಅಲಮೇಲು ಮತ್ತು ನಂದಿನಿ ಬಗ್ಗೆ ಮೊದಲು ಹುಡುಗಿಯರು ಮಾತಾಡಲಿ. ಜಗಳ ಆದ್ರೆ ಆಗಲಿ. ಅದನ್ನು ಬರೆದು ನಮಗೆ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರ್ತೀವಿ.